ಆರ್.ಆರ್. ನಂಬರಿನಲ್ಲಿ ಕಾಣದ ರೋಗಿ

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ, ಅಂದರೆ ಸೆಸ್ಕ್‌ನ, ವ್ಯಾಪ್ತಿಗೆ ಸೇರಿದ ಊರು. ಅಲ್ಲಿನ ಪ್ರತಿ ಮನೆಗೂ ಒಂದು ಆರ್.ಆರ್. ನಂಬರ್ ಇದೆ. ಗ್ರಾಹಕರ ಹೆಸರು, ಮಂಜೂರಾದ ಲೋಡ್, ತಿಂಗಳ ಬಳಕೆ, ಬಾಕಿ ಎಲ್ಲವೂ ಆ ನಂಬರಿನಡಿ ದಾಖಲಾಗುತ್ತವೆ. ಆ ಮನೆಯಲ್ಲಿ ಉಸಿರಾಟದ ಯಂತ್ರ ಹಾಕಿಕೊಂಡು ಮಲಗಿದವರು ಯಾರಾದರೂ ಇದ್ದಾರೆಯೇ ಎಂಬುದಕ್ಕೆ ಮಾತ್ರ ಅಲ್ಲಿ ಕಾಲಂ ಇಲ್ಲ. ಆಸ್ಪತ್ರೆಯ ಹಾಸಿಗೆ ಮನೆಗೆ ಬಂದು ಸೇರುತ್ತಿರುವ ಈ ಕಾಲದಲ್ಲಿ ಆ ಒಂದು ಕಾಲಂ ಇಲ್ಲದಿರುವುದರಿಂದ ಏನಾಗುತ್ತದೆ ಎಂಬುದನ್ನು ಕಾನೂನು, ಬಿಲ್ಲು, ಬ್ಯಾಟರಿ ಈ ಮೂರರ ಲೆಕ್ಕದಲ್ಲಿ ನೋಡುವ ಪ್ರಯತ್ನ ಈ ಟಿಪ್ಪಣಿ.

ಮೊದಲು ಯಂತ್ರದ ವಿಷಯ. ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಆಕ್ಸಿಜನ್ ಕಾನ್ಸಂಟ್ರೇಟರ್. 2021ರ ಕೋವಿಡ್ ಎರಡನೇ ಅಲೆಯಲ್ಲಿ ಇದರ ಹೆಸರು ಹಳ್ಳಿಹಳ್ಳಿಗೂ ಗೊತ್ತಾಯಿತು. ಅದರೊಳಗೆ ಆಕ್ಸಿಜನ್ ದಾಸ್ತಾನು ಇರುವುದಿಲ್ಲ. ಕಂಪ್ರೆಸರ್ ಕೋಣೆಯ ಗಾಳಿಯನ್ನು ಎಳೆದು ಒತ್ತಡದಲ್ಲಿ ಜಿಯೋಲೈಟ್ ಹರಳುಗಳ ಮೂಲಕ ಹಾಯಿಸುತ್ತದೆ. ಗಾಳಿಯ ಶೇ 78ರಷ್ಟಿರುವ ಸಾರಜನಕವನ್ನು ಹರಳು ಹಿಡಿದಿಟ್ಟುಕೊಳ್ಳುತ್ತದೆ, ಶೇ 90ಕ್ಕೂ ಮೀರಿದ ಸಾಂದ್ರತೆಯ ಆಮ್ಲಜನಕ ಕೊಳವೆಯಲ್ಲಿ ಹೊರಬರುತ್ತದೆ. ಕರೆಂಟು ಹೋದ ಗಳಿಗೆಯಲ್ಲಿ ಕಂಪ್ರೆಸರ್ ನಿಲ್ಲುತ್ತದೆ, ಯಂತ್ರ ಕೂಗಿಕೊಳ್ಳತೊಡಗುತ್ತದೆ, ಮೂಗಿನ ಕೊಳವೆಯಲ್ಲಿ ಹರಿವು ಇಲ್ಲವಾಗುತ್ತದೆ. ವೋಲ್ಟೇಜ್ ಕುಸಿದರೂ ಅಷ್ಟೆ. ಸಂಜೆ ಹೊತ್ತು ಬಲ್ಬು ಮಂಕಾಗುವ ಊರುಗಳಲ್ಲಿ ಸ್ಟೆಬಿಲೈಸರ್ ಇಲ್ಲದೆ ಈ ಯಂತ್ರವನ್ನು ನೆಚ್ಚಿಕೊಳ್ಳುವಂತಿಲ್ಲ.

ಇದನ್ನು ದಿನಕ್ಕೆ ಎಷ್ಟು ಹೊತ್ತು ಓಡಿಸಬೇಕು? ಶ್ವಾಸಕೋಶದ ದೀರ್ಘಕಾಲದ ಕಾಯಿಲೆಯಿಂದ ರಕ್ತದಲ್ಲಿ ಆಮ್ಲಜನಕ ತೀರಾ ಇಳಿದವರಿಗೆ ಮನೆಯಲ್ಲೇ ದೀರ್ಘಾವಧಿ ಆಮ್ಲಜನಕ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ ಎಂದು 1980ರಲ್ಲಿ ಅಮೆರಿಕದಲ್ಲಿ, 1981ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ತೋರಿಸಿಕೊಟ್ಟವು. ದಿನಕ್ಕೆ ಕನಿಷ್ಠ 15 ಗಂಟೆ ಎಂಬ ವೈದ್ಯರ ಸಲಹೆಗೆ ಆಧಾರ ಅವೇ. ಬೀಡಿ ಸೇದುವವರಿಗೆ ಮಾತ್ರ ಬರುವ ಕಾಯಿಲೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಸೌದೆ ಒಲೆಯ ಮುಂದೆ ಜೀವಮಾನ ಕಳೆದ ಹೆಂಗಸರ ಶ್ವಾಸಕೋಶಕ್ಕೂ ಇದೇ ಗತಿ.

ಈಗ ಬಿಲ್ಲಿಗೆ ಬರೋಣ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ.

ನಿಮಿಷಕ್ಕೆ 5 ಲೀಟರ್ ಸಾಮರ್ಥ್ಯದ ಯಂತ್ರ ಸುಮಾರು 350 ವಾಟ್ ಎಳೆಯುತ್ತದೆ. 15 ಗಂಟೆಗೆ ಐದೂಕಾಲು ಯೂನಿಟ್, 30 ದಿನಕ್ಕೆ ಸುಮಾರು 157 ಯೂನಿಟ್. ಗೃಹಜ್ಯೋತಿ ಯೋಜನೆ 200 ಯೂನಿಟ್‌ವರೆಗೆ ಉಚಿತ ಎಂಬ ಮಾತಿನಿಂದ ಪ್ರಸಿದ್ಧವಾದರೂ ಪ್ರತಿ ಮನೆಗೂ 200 ಯೂನಿಟ್ ಸಿಗುವುದಿಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿ ಬರುವ ಸಂಖ್ಯೆಯೇ ಆ ಮನೆಯ ಪಾಲು. ಅದರಾಚೆ ಬಳಸಿದ್ದಕ್ಕೆ ದುಡ್ಡು ಕಟ್ಟಬೇಕು. ಒಟ್ಟು ಬಳಕೆ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಮನೆಯವರದೇ.

ಗೆಂಡೆಹಳ್ಳಿಯಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅದರ ಹಳೆಯ ಸರಾಸರಿ 53 ಯೂನಿಟ್ ಇರಲಿ. ಯೋಜನೆ ಜಾರಿಯಾಗುವಾಗ ರಾಜ್ಯದ ಮನೆಗಳ ಸರಾಸರಿ ಬಳಕೆ ಎಂದು ಸರ್ಕಾರ ಹೇಳಿದ ಸಂಖ್ಯೆಯೂ ಅದೇ. ಈ ಮನೆಗೆ 58 ಯೂನಿಟ್ ಉಚಿತ, ಹಾಗಾಗಿ ಬಿಲ್ ಸೊನ್ನೆ. 2024ರಲ್ಲಿ ಮನೆಯ ಅಜ್ಜಿಗೆ ಕಾಯಿಲೆ ಬಲಿತು ಯಂತ್ರ ಬಂತು ಎನ್ನೋಣ. 53ಕ್ಕೆ 157 ಸೇರಿ 210. ಗೆರೆ ದಾಟಿತು. 58 ಯೂನಿಟ್ಟಿನ ಪಾಲೂ ಕೈತಪ್ಪಿತು. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ದರದಲ್ಲಿ ಶುಲ್ಕವೇ 1,218 ರೂಪಾಯಿ. ನಿಗದಿತ ಶುಲ್ಕ, ತೆರಿಗೆ, ಸರ್‌ಚಾರ್ಜ್ ಇನ್ನೂ ಸೇರಬೇಕು. ಆ ಅಜ್ಜಿಗೆ ಸಂಧ್ಯಾ ಸುರಕ್ಷಾದಲ್ಲಿ ಬರುವ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಒಂದು ಕೈಯಲ್ಲಿ ಸರ್ಕಾರ ಕೊಡುವ ವೃದ್ಧಾಪ್ಯದ ಹಣ, ಕಾಯಿಲೆ ಬಿದ್ದ ಕಾರಣಕ್ಕೇ ಸರ್ಕಾರದ್ದೇ ನಿಗಮಕ್ಕೆ ಪೂರ್ತಿ ವಾಪಸು ಹೋಗುತ್ತದೆ, ಆದರೂ ಸಾಲುವುದಿಲ್ಲ. ಆರೋಗ್ಯವಾಗಿದ್ದ ಒಂದು ವರ್ಷವನ್ನು ಅಳತೆಗೋಲಾಗಿಟ್ಟುಕೊಂಡು ರೋಗಿಯ ಬಳಕೆಯನ್ನು ಅಳೆಯುವ ಈ ಸೂತ್ರ ಅನ್ಯಾಯದ್ದು. ಸೂತ್ರ ಬರೆದವರ ಮನಸ್ಸಿನಲ್ಲಿದ್ದದ್ದು ಹೊಸದಾಗಿ ಎ.ಸಿ., ಗೀಸರ್ ಹಾಕಿಸಿಕೊಂಡು ಬಳಕೆ ಏರಿಸಿಕೊಳ್ಳುವವರು ಎಂಬುದು ಮೇಲ್ನೋಟಕ್ಕೇ ತಿಳಿಯುತ್ತದೆ. ಆ ತಡೆಗೋಡೆಗೆ ಬಂದು ಬಡಿದವಳು ಮಾತ್ರ ಈ ಅಜ್ಜಿ.

ಹೀಗೆ ಏರಿದ ಬಿಲ್ ಒಂದೆರಡು ತಿಂಗಳು ಬಾಕಿ ಉಳಿದರೆ ಮುಂದಿನದು ವಿದ್ಯುಚ್ಛಕ್ತಿ ಕಾಯ್ದೆ 2003ರ 56ನೇ ಕಲಂ. ಬಾಕಿದಾರರಿಗೆ ಪೂರ್ಣ 15 ದಿನಗಳ ಲಿಖಿತ ನೋಟಿಸ್ ಕೊಟ್ಟು ಸಂಪರ್ಕ ಕಡಿಯುವ ಅಧಿಕಾರವನ್ನು ಅದು ಕಂಪನಿಗೆ ಕೊಡುತ್ತದೆ. ಗ್ರಾಹಕರಿಗೆ ಒಂದು ಆಸರೆಯನ್ನೂ ಇಟ್ಟಿದೆ. ಕೇಳಿದ ಮೊತ್ತವನ್ನಾಗಲಿ, ಹಿಂದಿನ ಆರು ತಿಂಗಳ ಸರಾಸರಿಯ ಲೆಕ್ಕದ ಮೊತ್ತವನ್ನಾಗಲಿ, ಯಾವುದು ಕಡಿಮೆಯೋ ಅದನ್ನು ತಕರಾರು ದಾಖಲಿಸಿ ಠೇವಣಿ ಇಟ್ಟರೆ ವ್ಯಾಜ್ಯ ತೀರುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಇದು ಬಿಲ್ ತಪ್ಪು ಎನ್ನುವವರಿಗೆ ಇರುವ ಆಸರೆ. ಬಿಲ್ ಸರಿಯಾಗಿಯೇ ಇದೆ, ಕಟ್ಟಲು ಕೈಯಲ್ಲಿ ಕಾಸಿಲ್ಲ, ಯಂತ್ರ ನಿಲ್ಲಿಸಿದರೆ ಜೀವಕ್ಕೆ ಅಪಾಯ ಎನ್ನುವವರ ಬಗ್ಗೆ ಕಲಂ ಮೌನವಾಗಿದೆ. 2020ರ ಡಿಸೆಂಬರ್ 31ರಂದು ಬಂದ ಗ್ರಾಹಕರ ಹಕ್ಕುಗಳ ನಿಯಮಗಳು ಹಿರಿಯ ನಾಗರಿಕರಿಗೆ ಅರ್ಜಿ, ಬಿಲ್ ಪಾವತಿಯಂಥ ಸೇವೆಗಳನ್ನು ಮನೆ ಬಾಗಿಲಿಗೇ ಒದಗಿಸಬೇಕೆನ್ನುತ್ತವೆ. ವಯಸ್ಸನ್ನು ಗುರುತಿಸಿದ ನಿಯಮ ಕಾಯಿಲೆಯನ್ನು ಗುರುತಿಸಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 24ನೇ ಕಲಂ ನಿಗದಿತ ಆದಾಯ ಮಿತಿಯೊಳಗಿನವರಿಗೆ ಸಾಧನ ಸಲಕರಣೆಗಳನ್ನು ಉಚಿತವಾಗಿ ಒದಗಿಸುವ ಮಾತಾಡುತ್ತದೆ. ಸಲಕರಣೆ ಓಡಲು ಬೇಕಾದ ಕರೆಂಟಿನ ಮಾತು ಅಲ್ಲಿಲ್ಲ. ನಮ್ಮ ರಾಜ್ಯದ ದರಪಟ್ಟಿಯಲ್ಲಿ ಅಂಗವಿಕಲರು, ವೃದ್ಧರು, ಅನಾಥರಿಗಾಗಿ ಧರ್ಮಸಂಸ್ಥೆಗಳು ನಡೆಸುವ ಮನೆ, ಶಾಲೆ, ಹಾಸ್ಟೆಲ್‌ಗಳಿಗೆ ಯೂನಿಟ್ಟಿಗೆ 25 ಪೈಸೆ ರಿಯಾಯಿತಿ ಬಹುಕಾಲದಿಂದ ನಡೆದುಬಂದಿದೆ. ಅದೇ ವೃದ್ಧರು ಮಗನ ಮನೆಯಲ್ಲಿದ್ದರೆ ಆ ಕಾಲು ರೂಪಾಯಿಯೂ ಇಲ್ಲ.

ವ್ಯವಹಾರದಲ್ಲಿ ಕಾನೂನಿನ ಈ ಬಿರುಸನ್ನು ತಗ್ಗಿಸುತ್ತಿರುವವರು ಊರಿನ ಲೈನ್‌ಮನ್‌ಗಳು. ಫ್ಯೂಸ್ ಕೀಳಲು ಬಂದವರಿಗೆ ಒಳಗೆ ಮಲಗಿದವರು ಕಾಣುತ್ತಾರೆ, ಯಂತ್ರದ ಸದ್ದು ಕೇಳುತ್ತದೆ, ಇನ್ನೊಂದು ವಾರ ನೋಡೋಣ ಎಂದು ಹಿಂತಿರುಗಲು ಅವಕಾಶವಿರುತ್ತದೆ. ಈ ದಯೆ ಯಾವ ಕಡತದಲ್ಲೂ ಇಲ್ಲ, ಇರಬೇಕಾದದ್ದು ಕಡತದಲ್ಲೇ. ಆದರೆ 2020ರ ಅದೇ ಗ್ರಾಹಕ ನಿಯಮಗಳು ಬಯಸುವುದು ಪ್ರೀಪೇಯ್ಡ್ ಸ್ಮಾರ್ಟ್ ಮೀಟರುಗಳನ್ನು. ಅಲ್ಲಿ ಸಂಪರ್ಕವನ್ನು ದೂರದಿಂದಲೇ ಕಡಿಯಬಹುದು. ಬಾಗಿಲಿಗೆ ಯಾರೂ ಬರಬೇಕಾಗಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಏನೂ ಬೀಳುವುದಿಲ್ಲ. ಗೆಂಡೆಹಳ್ಳಿಯಂಥ ಊರಿಗೆ ಆ ಮೀಟರು ಬರುವ ಮೊದಲೇ ರೋಗಿಯ ಗುರುತು ದಾಖಲೆಗೆ ಸೇರಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ನನಗೆ ಕಾಣುವುದಿಲ್ಲ.

ಬಾಕಿಗಾಗಿ ಕಡಿಯುವುದು ಒಂದು ಕಡೆ, ತಾನಾಗಿ ಹೋಗುವ ಕರೆಂಟು ಇನ್ನೊಂದು ಕಡೆ. ಮಳೆಗಾಲದಲ್ಲಿ ಕೊಂಬೆ ಬಿದ್ದು 11 ಕೆ.ವಿ. ಲೈನ್ ಹರಿಯುವುದು, ಕಂಬ ಮುರಿಯುವುದು, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವುದು ಮಲೆನಾಡಿನ ಅಂಚಿನ ಊರುಗಳಿಗೆ ಹೊಸದಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2004ರಲ್ಲಿ ರೂಪಿಸಿದ ಕಾರ್ಯನಿರ್ವಹಣಾ ಮಾನದಂಡದಲ್ಲಿ ಸಾಮಾನ್ಯ ಫ್ಯೂಸ್ ದೂರಿಗೆ ಪಟ್ಟಣದಲ್ಲಿ 6 ಗಂಟೆ, ಹಳ್ಳಿಯಲ್ಲಿ 24 ಗಂಟೆ ಗಡುವು. ಟ್ರಾನ್ಸ್‌ಫಾರ್ಮರ್ ಕೆಟ್ಟರೆ ಪಟ್ಟಣಕ್ಕೆ 24, ಹಳ್ಳಿಗೆ 72 ಗಂಟೆ. ಇದರ ಎದುರಿಗೆ ಮನೆಯಲ್ಲಿರಬಹುದಾದ ಸಿದ್ಧತೆ ಇಟ್ಟು ನೋಡಿ. 150 ಆಂಪಿಯರ್ ಅವರ್‌ನ ಒಂದು ಇನ್ವರ್ಟರ್ ಬ್ಯಾಟರಿ ಲೆಕ್ಕದ ಪ್ರಕಾರ 1,800 ವಾಟ್ ಅವರ್. ಪೂರ್ತಿ ಬಸಿಯುವಂತಿಲ್ಲ, ಇನ್ವರ್ಟರ್‌ನಲ್ಲಿ ಸೋರುವುದನ್ನೂ ಕಳೆಯಬೇಕು. ಹೊಸ ಬ್ಯಾಟರಿಯಾದರೆ ಕಾನ್ಸಂಟ್ರೇಟರ್ ಮೂರರಿಂದ ಮೂರೂವರೆ ಗಂಟೆ ಓಡೀತು. ಅದೂ ಸೈನ್ ವೇವ್ ಇನ್ವರ್ಟರ್ ಇದ್ದರೆ. ಅಗ್ಗದ ಸ್ಕ್ವೇರ್ ವೇವ್‌ನಲ್ಲಿ ಕಂಪ್ರೆಸರ್ ಮೋಟಾರು ಬಿಸಿಯಾಗಿ ಕೆಡುತ್ತದೆ. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಮ್ಲಜನಕ ಹಿಡಿಯುತ್ತದೆ, ನಿಮಿಷಕ್ಕೆ 2 ಲೀಟರ್‌ನಂತೆ ಹನ್ನೆರಡೂವರೆ ಗಂಟೆ. ಎರಡೂ ಸೇರಿ 16 ಗಂಟೆ ದಾಟುವುದಿಲ್ಲ. ಕಂಪನಿ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ 24ನೇ ಗಂಟೆಗೆ ಕರೆಂಟು ಕೊಟ್ಟರೂ ನಡುವೆ ಎಂಟು ಗಂಟೆ ಖಾಲಿ. ಆ ಹೊತ್ತಿನಲ್ಲಿ ರೋಗಿಯನ್ನು ಗಾಡಿಯಲ್ಲಿ ಮಲಗಿಸಿ ಬೇಲೂರಿಗೋ, ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಹಾಸನಕ್ಕೋ ಒಯ್ಯಬೇಕು. ಕಾನ್ಸಂಟ್ರೇಟರ್ ಬಳಸುವ ಹೆಚ್ಚಿನವರು ಕೆಲವು ಗಂಟೆಗಳ ತಡೆಯನ್ನು ಕಷ್ಟಪಟ್ಟು ತಾಳಿಕೊಳ್ಳಬಲ್ಲರು. ಸ್ನಾಯುಕ್ಷಯದಿಂದ ಎದೆಯ ಸ್ನಾಯು ಸೋತು ಮನೆಯಲ್ಲೇ ವೆಂಟಿಲೇಟರ್ ಹಾಕಿಕೊಂಡ ಹುಡುಗರಿಗೆ ಆ ಸಾವಕಾಶವೂ ಇಲ್ಲ.

ಆಸ್ಪತ್ರೆಯಲ್ಲಿ ಕರೆಂಟು ಹೋದರೆ ರಾಜ್ಯವೇ ಎದ್ದು ಕೂರುತ್ತದೆ. 2022ರ ಸೆಪ್ಟೆಂಬರ್ 14ರಂದು ಬಳ್ಳಾರಿಯ ವಿಮ್ಸ್ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ವಿದ್ಯುತ್ ಕಡಿತವಾದಾಗ ರೋಗಿಗಳು ತೀರಿಕೊಂಡ ಸಂಗತಿ ವಿಧಾನಮಂಡಲದಲ್ಲಿ ಗದ್ದಲವೆಬ್ಬಿಸಿತು. ಸಾವಿಗೆ ವಿದ್ಯುತ್ ಕಾರಣವಲ್ಲ ಎಂದು ಸರ್ಕಾರ ವಾದಿಸಿತು, ತನಿಖೆಗೆ ಸಮಿತಿ ನೇಮಿಸಿತು. ಉತ್ತರ ಏನೇ ಬಂದಿರಲಿ, ಪ್ರಶ್ನೆಯಾದರೂ ಎದ್ದಿತು. ಮನೆಯಲ್ಲಿ ಸತ್ತವರ ಮರಣ ಪತ್ರದಲ್ಲಿ ಕಾಯಿಲೆಯ ಹೆಸರು ಇರುತ್ತದೆ. ಆ ರಾತ್ರಿ ಕರೆಂಟು ಎಷ್ಟು ಹೊತ್ತು ಇರಲಿಲ್ಲ ಎಂದು ಯಾರೂ ಬರೆದಿಡುವುದಿಲ್ಲ.

ನ್ಯೂಜಿಲೆಂಡ್‌ನಲ್ಲಿ ಆ ಪ್ರಶ್ನೆ ಎದ್ದದ್ದು ಒಂದು ಮನೆಯಿಂದ. 2007ರ ಮೇ 29ರಂದು ಆಕ್ಲೆಂಡಿನಲ್ಲಿ 168 ಡಾಲರ್ 40 ಸೆಂಟ್ ಬಾಕಿಗಾಗಿ ಒಂದು ಮನೆಯ ವಿದ್ಯುತ್ ಕಡಿದರು. ಒಳಗೆ 44 ವರ್ಷದ, ಸಮೋವಾ ಮೂಲದ ಶಿಕ್ಷಕಿಯೊಬ್ಬರು ಆಕ್ಸಿಜನ್ ಯಂತ್ರದ ಆಸರೆಯಲ್ಲಿದ್ದರು. ಕೆಲವೇ ಗಂಟೆಗಳಲ್ಲಿ ಅವರು ತೀರಿಕೊಂಡರು. ವಿದ್ಯುತ್ ಕಡಿತವೂ ಸಾವಿಗೆ ಒಂದು ಕಾರಣವಾಯಿತು ಎಂದು ವಿಚಾರಣಾಧಿಕಾರಿ ಹೇಳಿದರು. ವೈದ್ಯಕೀಯವಾಗಿ ವಿದ್ಯುತ್ತನ್ನು ಅವಲಂಬಿಸಿದ ಗ್ರಾಹಕರಿಗಾಗಿ ಆ ನಂತರ ಬಂದ ಮಾರ್ಗಸೂಚಿಗಳು ಹಲವು ಸಲ ಬದಲಾಗಿ 2025ರಿಂದ ಕಂಪನಿಗಳು ಪಾಲಿಸಲೇಬೇಕಾದ ಕಟ್ಟಳೆಗಳಾಗಿವೆ. ಆಸ್ಟ್ರೇಲಿಯಾದಲ್ಲಿ ಜೀವರಕ್ಷಕ ಉಪಕರಣ ಇರುವ ಮನೆಯೆಂದು ನೋಂದಾಯಿಸಿಕೊಂಡರೆ ಬಾಕಿಗಾಗಿ ಸಂಪರ್ಕ ಕಡಿಯುವಂತಿಲ್ಲ.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಕಾಸರಗೋಡು ಸಾಕು. ಎಂಡೋಸಲ್ಫಾನ್‌ನಿಂದ ನಲುಗಿದ ಎಣ್ಮಕಜೆಯ ಕನ್ನಡ, ತುಳು ಮನೆಗಳಿಗೆ ಕರೆಂಟು ಕೊಡುವುದು ಕೇರಳ ರಾಜ್ಯ ವಿದ್ಯುತ್ ಮಂಡಳಿ. ಮನೆಯಲ್ಲಿ ಏರ್‌ಬೆಡ್, ಸಕ್ಷನ್ ಯಂತ್ರ, ಆಕ್ಸಿಜನ್ ಕಾನ್ಸಂಟ್ರೇಟರ್‌ನಂಥ ಜೀವರಕ್ಷಕ ಉಪಕರಣ ಬಳಸುವ ರೋಗಿಯಿದ್ದರೆ ಆ ಉಪಕರಣಕ್ಕೆ ತಗಲುವ ಯೂನಿಟ್ಟುಗಳನ್ನು ಕೇರಳ ಉಚಿತವಾಗಿ ಕೊಡುತ್ತದೆ. ಉಪಕರಣದ ವಾಟ್, ದಿನಕ್ಕೆ ಓಡುವ ಗಂಟೆ ಇವೆರಡನ್ನು ಗುಣಿಸಿದರೆ ಲೆಕ್ಕ ಮುಗಿಯಿತು. ರಿಯಾಯಿತಿ ಮೊದಲು ಆರು ತಿಂಗಳಿಗೆ, ಇನ್ನೂ ಬೇಕೆಂದು ಸರ್ಕಾರಿ ವೈದ್ಯರು ಪ್ರಮಾಣ ಪತ್ರ ಕೊಟ್ಟರೆ ಮುಂದುವರಿಕೆ. ಎಣ್ಮಕಜೆಯ ಗಡಿ ದಾಟಿ ಪುತ್ತೂರಿನ ಕಡೆ ಬಂದರೆ ಅದೇ ಕಾಯಿಲೆ, ಅದೇ ಯಂತ್ರ, ಅದೇ ಭಾಷೆಯ ಮನೆಗೆ ಗೃಹಜ್ಯೋತಿಯ ಹಳೆಯ ಸರಾಸರಿಯೇ ಗತಿ. ರಾಜ್ಯದ ಗಡಿ ಉಸಿರಿನ ಬೆಲೆಯನ್ನು ಬದಲಿಸುವುದು ನನಗೆ ಸಹಿಸಲಾಗದ ಸಂಗತಿ.

ಕೇರಳದ ಕ್ರಮವನ್ನು ಇಲ್ಲಿಗೂ ತರೋಣ ಎಂದರೆ ದುರುಪಯೋಗವಾದೀತು ಎಂಬ ಆಕ್ಷೇಪ ಬಂದೇ ಬರುತ್ತದೆ. ವಾಟ್ ಮತ್ತು ಗಂಟೆಯ ಲೆಕ್ಕಕ್ಕೆ ಮಿತಿ ಇದೆ, ವೈದ್ಯರ ಸಹಿ ಇದೆ, ಆರು ತಿಂಗಳಿಗೊಮ್ಮೆ ಪರಿಶೀಲನೆ ಇದೆ. ಇಂಥ ಮನೆಗಳು ಒಂದು ಉಪವಿಭಾಗದಲ್ಲಿ ಬೆರಳೆಣಿಕೆಯಷ್ಟು ಇದ್ದಾವು. ಸೂತ್ರ ತಿದ್ದುವುದು ಆಗದ ಮಾತೂ ಅಲ್ಲ. 48 ಯೂನಿಟ್‌ಗಿಂತ ಕಡಿಮೆ ಬಳಸುವ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ಎಂದು 2024ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವೇ ಗೃಹಜ್ಯೋತಿಯನ್ನು ತಿದ್ದಿತು. ರೋಗಿಯ ಉಪಕರಣದ ಯೂನಿಟ್ಟುಗಳನ್ನು 200ರ ಲೆಕ್ಕದಿಂದ ಹೊರಗಿಡಲು ಅಂಥದೇ ಇನ್ನೊಂದು ನಿರ್ಣಯ ಸಾಕು. 56ನೇ ಕಲಮಿಗೆ ಕೈಹಾಕಲು ಸಂಸತ್ತು ಬೇಕು. ಆದರೆ ದುರಸ್ತಿಯ ಗಡುವು ಬರೆದದ್ದು ರಾಜ್ಯದ ಆಯೋಗ. ನೋಂದಾಯಿತ ರೋಗಿಯಿರುವ ಮನೆಗೆ ಹಳ್ಳಿಯಲ್ಲೂ 6 ಗಂಟೆಯೇ ಗಡುವು ಎಂದು ಅದು ತಿದ್ದಬಲ್ಲದು. ಅಲ್ಲಿಯವರೆಗೆ ಸೆಸ್ಕ್ ತಾನಾಗಿಯೇ ಮಾಡಬಹುದಾದ ಕೆಲಸವೊಂದಿದೆ. ಆರ್.ಆರ್. ನಂಬರಿನ ಪಕ್ಕ ಒಂದು ಗುರುತು ಹಾಕಿ, ಅದು ಉಪವಿಭಾಗದ ಕಡಿತದ ಪಟ್ಟಿಯಲ್ಲೂ ಸಹಾಯವಾಣಿ 1912ರಲ್ಲಿ ಕರೆ ಸ್ವೀಕರಿಸುವವರ ಪರದೆಯಲ್ಲೂ ಕಾಣುವಂತೆ ಮಾಡುವುದು.