ಚಿನ್ನಕ್ಕೂ ಕಸಕ್ಕೂ ಒಂದೇ ದನಿ

ಮಿಚಿಗನ್ ರಾಜ್ಯದಲ್ಲಿ ಡೆಟ್ರಾಯ್ಟ್‌ನ ವಾಯವ್ಯಕ್ಕಿರುವ ವೆಸ್ಟ್ ಬ್ಲೂಮ್‌ಫೀಲ್ಡ್ ಸರೋವರಗಳ ಊರು. ಕ್ಯಾಸ್, ಆರ್ಚರ್ಡ್, ಪೈನ್, ಯೂನಿಯನ್ ಎಂದು ಎಣಿಸುತ್ತ ಹೋಗಬಹುದು. ತಣ್ಣೀರಿಗೆ ಇಳಿದರೆ ಬೆರಳು ಸಣ್ಣಗಾಗುತ್ತದೆ, ಸನ್‌ಸ್ಕ್ರೀನ್ ಹಚ್ಚಿದ ಕೈ ಜಾರುತ್ತದೆ. ಉಂಗುರ ಹೋದದ್ದು ದಡಕ್ಕೆ ಬಂದ ಮೇಲೆಯೇ ಗೊತ್ತಾಗುವುದು. ನೀರಿಗಿಂತ 19 ಪಟ್ಟು ಭಾರದ ಚಿನ್ನ ಮರಳಲ್ಲಿ ಇಳಿಯುತ್ತ ಹೋಗಿ ಗಟ್ಟಿ ಪದರ ಸಿಕ್ಕಲ್ಲಿ ನಿಲ್ಲುತ್ತದೆ. ಅದನ್ನು ಹುಡುಕುವ ಮೆಟಲ್ ಡಿಟೆಕ್ಟರಿನ ಕತೆ ಮಾತ್ರ ಶುರುವಾದದ್ದು ಚಿನ್ನದಿಂದಲ್ಲ, ಬಂದೂಕಿನ ಗುಂಡಿನಿಂದ.

1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಮೈಯೊಳಗಿನ ಗುಂಡು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿಸುರುಳಿಗಳ ಉಪಕರಣ ತಂದರು. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಹತ್ತಿರದ ಲೋಹದಲ್ಲೂ ವಿದ್ಯುತ್ತನ್ನು ಎಬ್ಬಿಸುತ್ತದೆ. ಆ ಮಾರ್ದನಿಯನ್ನು ಕಿವಿಗೆ ಕೇಳಿಸುವುದೇ ಇದರ ಗುಟ್ಟು. ಆದರೆ ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗುಗಳೂ ದನಿಗೂಡಿಸಿ ಗೊಂದಲ ಎಬ್ಬಿಸಿದವು. ಗುಂಡು ಸಿಗಲಿಲ್ಲ, ಸೆಪ್ಟೆಂಬರಿನಲ್ಲಿ ಗಾರ್ಫೀಲ್ಡ್ ತೀರಿಕೊಂಡರು. ಬೇಡದ ಲೋಹದ ಗದ್ದಲದಲ್ಲಿ ಬೇಕಾದ್ದನ್ನು ಕೇಳಿಸಿಕೊಳ್ಳುವುದು ಹೇಗೆ? ಈ ಕ್ಷೇತ್ರ ಇಂದಿಗೂ ಬಿಡಿಸುತ್ತಿರುವ ಗಂಟು ಅದೇ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಜರ್ಮನ್ ವಲಸಿಗ ಗೆರ್ಹಾರ್ಡ್ ಫಿಶರ್ 1937ರಲ್ಲಿ ಹೊತ್ತೊಯ್ಯಬಹುದಾದ ಡಿಟೆಕ್ಟರಿಗೆ ಪೇಟೆಂಟ್ ಪಡೆದರು. ಎರಡನೇ ಮಹಾಯುದ್ಧದಲ್ಲಿ ಪೋಲಿಷ್ ಅಧಿಕಾರಿ ಯೂಜೆಫ್ ಕೊಸಾಟ್ಸ್ಕಿ ರೂಪಿಸಿದ ಯಂತ್ರ 1942ರ ಎಲ್ ಅಲಮೇನ್ ಕಾಳಗದಲ್ಲಿ ನೆಲಬಾಂಬುಗಳನ್ನು ಹುಡುಕಿತು. ಯುದ್ಧ ಮುಗಿದ ಮೇಲೆ ಸೇನೆ ಮಾರಿದ ಯಂತ್ರಗಳು ಹವ್ಯಾಸಿಗಳ ಕೈಸೇರಿದವು. ಟ್ರಾನ್ಸಿಸ್ಟರ್ ಬಂದು ಭಾರ ಇಳಿಯಿತು. 1964ರಲ್ಲಿ ಟೆಕ್ಸಾಸಿನಲ್ಲಿ ಚಾರ್ಲ್ಸ್ ಗ್ಯಾರೆಟ್ ಡಿಟೆಕ್ಟರ್ ಕಂಪನಿ ತೆರೆದರು.

1970ರ ದಶಕದ ಯಂತ್ರಗಳು ಲೋಹದಿಂದ ಲೋಹಕ್ಕೆ ಮಾರ್ದನಿ ತಡವಾಗುವ ಬಗೆಯನ್ನು ಅಳೆದು, ಕಬ್ಬಿಣದ ಮೊಳೆಗಳ ಬಾಯಿ ಮುಚ್ಚಿಸಿದವು. ಅಷ್ಟರಲ್ಲಿ ಹೊಸ ಶತ್ರು ಬಂದಾಗಿತ್ತು. ಮಿಚಿಗನ್‌ನ ನೆರೆಯ ಒಹಾಯೊದಲ್ಲಿ ಅರ್ಮಲ್ ಫ್ರೇಜ್ ಎಂಬವರು ರೂಪಿಸಿದ, ಪಾನೀಯದ ಡಬ್ಬಿಯಿಂದ ಕಿತ್ತೆಸೆಯುವ ಅಲ್ಯುಮಿನಿಯಂ ಕೊಂಡಿ ದಡಗಳಲ್ಲೆಲ್ಲ ಬಿದ್ದಿತ್ತು. ಯಂತ್ರಕ್ಕೆ ಅದೂ 14 ಕ್ಯಾರೆಟ್ಟಿನ ಉಂಗುರವೂ ಹೆಚ್ಚುಕಡಿಮೆ ಒಂದೇ. ಕೊಂಡಿಯ ದನಿ ಅಡಗಿಸಿದರೆ ಉಂಗುರದ ದನಿಯೂ ಅಡಗುತ್ತದೆ!

ಕನ್ನಡದ ಮನೆಗಳ ಒಡವೆಗೆ ಇನ್ನೊಂದು ಸೂಕ್ಷ್ಮವಿದೆ. ದಪ್ಪನೆಯ 22 ಕ್ಯಾರೆಟ್ ಬಳೆ ಸುತ್ತು ಮುಚ್ಚಿದ ವೃತ್ತವಾದ್ದರಿಂದ ಗಟ್ಟಿಯಾಗಿ ಕೂಗುತ್ತದೆ. ಸಣ್ಣ ಕೊಂಡಿಗಳ ಎಳೆ ಸರ ತೂಕದಲ್ಲಿ ಅಷ್ಟೇ ಇದ್ದರೂ ಪಿಸುಗುಡುತ್ತದೆ, ಏಕೆಂದರೆ ಯಂತ್ರಕ್ಕೆ ಅದು ಒಂದು ಸರವಲ್ಲ, ನೂರಾರು ಚೂರು.

ಯಂತ್ರಗಳ ಕತೆಗೆ ಮರಳಿದರೆ, ಅಲ್ಲಿ ಎರಡು ದಾರಿ ತೆರೆದವು. ಮಿಡಿತಗಳಲ್ಲಿ ವಿದ್ಯುತ್ತು ಹರಿಸುವ ಪಲ್ಸ್ ಇಂಡಕ್ಷನ್ ಯಂತ್ರ ಆಳಕ್ಕೆ ಇಳಿಯುತ್ತದೆ, ಉಪ್ಪುನೀರಿಗೂ ಖನಿಜದ ಮಣ್ಣಿಗೂ ಬೆದರದು. ಲೋಹಗಳ ಭೇದ ಮಾತ್ರ ಸರಿಯಾಗಿ ಹೇಳದು. 1985ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಮೈನ್‌ಲ್ಯಾಬ್ ಕಂಪನಿ ಒಟ್ಟಿಗೇ ಹಲವು ಆವರ್ತನಗಳಲ್ಲಿ ಕೇಳುವ ದಾರಿ ಹಿಡಿಯಿತು. ಅದರ 2018ರ ಈಕ್ವಿನಾಕ್ಸ್ ಯಂತ್ರ ಈ ತಂತ್ರವನ್ನು ಸಾಮಾನ್ಯ ಹವ್ಯಾಸಿಯ ಕೈಗೆಟುಕಿಸಿತು.

ಹುಡುಕಾಟಕ್ಕೆ ಕಾನೂನಿನ ಕಟ್ಟುಪಾಡೂ ಇದೆ. ಭಾರತದಲ್ಲಿ 1878ರ ಕಾಯ್ದೆಯಂತೆ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕು. ಮಿಚಿಗನ್‌ನ ಸರ್ಕಾರಿ ಉದ್ಯಾನಗಳಲ್ಲಿ ಗುರುತಿಸಿದ ಜಾಗಗಳಲ್ಲಷ್ಟೇ ಹುಡುಕಬಹುದು. ಸಿಕ್ಕಿದ್ದನ್ನು ಸಿಬ್ಬಂದಿಗೆ ತೋರಿಸಬೇಕು.

ಇಷ್ಟಾದರೂ 'ಇದು ಚಿನ್ನ' ಎಂದು ಖಚಿತವಾಗಿ ಹೇಳುವ ಯಂತ್ರ ಕೈಗೆ ಬಂದಿಲ್ಲ. ಅದಕ್ಕೇ ಪಳಗಿದವರು ಡಬ್ಬಿಯ ಕೊಂಡಿಯಂತೆ ಕೇಳಿದ್ದನ್ನೂ ಅಗೆಯುತ್ತಾರೆ. ಉಂಗುರ ಕಳೆದುಕೊಂಡವರು ನೆನಪಿಟ್ಟು ಹೇಳಬೇಕಾದ್ದು ಅದರ ಕ್ಯಾರೆಟ್ಟನ್ನಲ್ಲ. ಆಗ ನಿಂತದ್ದು ಮೊಣಕಾಲುದ್ದದ ನೀರಿನಲ್ಲೋ ಎದೆಮಟ್ಟದ ನೀರಿನಲ್ಲೋ ಎಂಬುದನ್ನು.