ಏಕ ಜಾಗತಿಕ ಕರೆನ್ಸಿ ಮತ್ತು ರಾಷ್ಟ್ರೀಯ ಸಾರ್ವಭೌಮತ್ವ

ಏಕ ಜಾಗತಿಕ ಕರೆನ್ಸಿ ಎಂಬುದು ಎಲ್ಲ ರಾಷ್ಟ್ರಗಳೂ ತಮ್ಮ ಪ್ರತ್ಯೇಕ ಹಣವನ್ನು ಕೈಬಿಟ್ಟು, ಒಂದೇ ಕೇಂದ್ರೀಯ ಬ್ಯಾಂಕು ಹೊರಡಿಸುವ ಹಣವನ್ನು ಬಳಸುವ ವ್ಯವಸ್ಥೆಯ ಕಲ್ಪನೆಯಾಗಿದೆ. ಇಂತಹ ವ್ಯವಸ್ಥೆ ಇದುವರೆಗೆ ಜಾರಿಗೆ ಬಂದಿಲ್ಲ. ಇದರಿಂದ ವಿನಿಮಯದ ವೆಚ್ಚ ಹಾಗೂ ವಿನಿಮಯ ದರದ ಏರಿಳಿತ ಇಲ್ಲವಾಗುತ್ತವೆ ಎಂಬ ವಾದಕ್ಕೆ ಹೆಚ್ಚಿನ ತಕರಾರಿಲ್ಲ. ಬಡ್ಡಿದರವನ್ನೂ ಹಣದ ಪ್ರಮಾಣವನ್ನೂ ನಿರ್ಧರಿಸುವ ಅಧಿಕಾರ ಬಿಟ್ಟುಕೊಟ್ಟ ರಾಷ್ಟ್ರವು ಎಷ್ಟರಮಟ್ಟಿಗೆ ಸಾರ್ವಭೌಮವಾಗಿ ಉಳಿಯುತ್ತದೆ ಎಂಬುದೇ ವಿವಾದದ ತಿರುಳು.

ಕಾನೂನಿನ ದೃಷ್ಟಿ

ತನ್ನ ಹಣವನ್ನು ನಿಯಂತ್ರಿಸುವುದು ರಾಷ್ಟ್ರದ ಹಕ್ಕೆಂಬ ತತ್ತ್ವವನ್ನು ಅಂತರರಾಷ್ಟ್ರೀಯ ನ್ಯಾಯದ ಕಾಯಂ ನ್ಯಾಯಾಲಯವು 1929ರಲ್ಲಿ ಸರ್ಬಿಯಾದ ಸಾಲಗಳ ಪ್ರಕರಣದಲ್ಲಿ ಎತ್ತಿಹಿಡಿಯಿತು. ಒಪ್ಪಂದಗಳಿಗೆ ಬದ್ಧವಾಗುವುದೂ ಸಾರ್ವಭೌಮತ್ವದ ಲಕ್ಷಣವೇ ಎಂದು ಅದೇ ನ್ಯಾಯಾಲಯ 1923ರ ವಿಂಬಲ್ಡನ್ ಹಡಗಿನ ಪ್ರಕರಣದಲ್ಲಿ ಹೇಳಿತ್ತು. ಆದ್ದರಿಂದ ಸ್ವಇಚ್ಛೆಯಿಂದ ಹಣವನ್ನು ಬಿಟ್ಟುಕೊಡುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಪನಾಮಾ 1904ರಿಂದಲೂ ಎಕ್ವೆಡಾರ್ 2000ದಿಂದಲೂ ಅಮೆರಿಕದ ಡಾಲರನ್ನೇ ಬಳಸುತ್ತಿದ್ದು, ಆ ಕಾರಣಕ್ಕೆ ಅವು ರಾಷ್ಟ್ರಗಳಲ್ಲವೆಂದು ಯಾರೂ ಹೇಳುವುದಿಲ್ಲ. ತೊಡಕು ಇರುವುದು ಆಚರಣೆಯಲ್ಲಿ.

ಗಲ್ಫ್ ರೂಪಾಯಿ

ಈ ತೊಡಕಿನ ಒಂದು ನಿದರ್ಶನ ಭಾರತದ ಇತಿಹಾಸದಲ್ಲಿಯೇ ಇದೆ. ಆಗ ಬ್ರಿಟಿಷ್ ರಕ್ಷಣೆಯಲ್ಲಿದ್ದ ಕೊಲ್ಲಿ ಪ್ರದೇಶದ ಸಂಸ್ಥಾನಗಳಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. ಚಿನ್ನದ ಕಳ್ಳಸಾಗಣೆಯಿಂದಾಗುತ್ತಿದ್ದ ವಿದೇಶಿ ವಿನಿಮಯದ ನಷ್ಟವನ್ನು ತಡೆಯಲು 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಅಲ್ಲಿಗಾಗಿ ಪ್ರತ್ಯೇಕ ನೋಟುಗಳನ್ನು ಹೊರಡಿಸಿತು. ಬೆಲೆ ಮಾತ್ರ ರೂಪಾಯಿಗೆ ಸಮ. 1966ರ ಜೂನ್ 6ರಂದು ಭಾರತವು ರೂಪಾಯಿಯನ್ನು ಶೇ. 36.5ರಷ್ಟು ಅಪಮೌಲ್ಯಗೊಳಿಸಿದಾಗ ಡಾಲರಿನ ಬೆಲೆ 4.76 ರೂಪಾಯಿಯಿಂದ 7.50ಕ್ಕೆ ಏರಿತು. ದೆಹಲಿಯ ಅಗತ್ಯಕ್ಕೆ ತಕ್ಕಂತೆ ಕೈಗೊಂಡ ಈ ತೀರ್ಮಾನದಿಂದ ದುಬೈ, ಕತಾರ್‌ಗಳ ಜನರ ಕೈಯಲ್ಲಿದ್ದ ಹಣವೂ ಅಷ್ಟೇ ಕುಸಿಯಬೇಕಾಯಿತು. ಅದೇ ವರ್ಷ ಅವು ಗಲ್ಫ್ ರೂಪಾಯಿಯನ್ನು ತೊರೆದು ತಮ್ಮದೇ ರಿಯಾಲನ್ನು ತಂದವು.

ಯೂರೋ ಮತ್ತು ಗ್ರೀಸ್

ಸಾರ್ವಭೌಮ ರಾಷ್ಟ್ರಗಳು ಹಣವನ್ನು ಹಂಚಿಕೊಂಡ ಅತಿದೊಡ್ಡ ಪ್ರಯೋಗ ಯೂರೋ. 2001ರಲ್ಲಿ ಇದನ್ನು ಸೇರಿದ ಗ್ರೀಸ್, 2010ರ ಹೊತ್ತಿಗೆ ಸಾಲದ ಬಿಕ್ಕಟ್ಟಿಗೆ ಸಿಲುಕಿತು. ಸ್ವಂತ ಹಣವಿದ್ದ ಭಾರತವು 1991ರ ಜುಲೈನಲ್ಲಿ ಎರಡು ಹಂತಗಳಲ್ಲಿ ರೂಪಾಯಿಯ ಬೆಲೆ ಇಳಿಸಿದಂತೆ ಇಳಿಸಲು ಗ್ರೀಸಿಗೆ ಸಾಧ್ಯವಿರಲಿಲ್ಲ. ಉಳಿದದ್ದು ವೇತನ, ಪಿಂಚಣಿಗಳ ಕಡಿತ. 2013ರಲ್ಲಿ ನಿರುದ್ಯೋಗ ಶೇ. 27ನ್ನು ದಾಟಿತು. 2015ರ ಜೂನ್ ಕೊನೆಯಲ್ಲಿ ಯುರೋಪಿಯನ್ ಕೇಂದ್ರೀಯ ಬ್ಯಾಂಕು ಗ್ರೀಕ್ ಬ್ಯಾಂಕುಗಳಿಗೆ ನೀಡುವ ತುರ್ತು ಹಣದ ಮಿತಿಯನ್ನು ಏರಿಸಲಿಲ್ಲ. ಬ್ಯಾಂಕುಗಳು ಮುಚ್ಚಿ, ಎಟಿಎಂಗಳಲ್ಲಿ ದಿನಕ್ಕೆ 60 ಯೂರೋ ಮಾತ್ರ ಸಿಗುವಂತಾಯಿತು. ಜುಲೈ 5ರ ಜನಮತಗಣನೆಯಲ್ಲಿ ಶೇ. 61ಕ್ಕೂ ಹೆಚ್ಚು ಮತದಾರರು ಸಾಲಿಗರ ಷರತ್ತುಗಳನ್ನು ತಿರಸ್ಕರಿಸಿದರು. ಎಂಟೇ ದಿನಗಳಲ್ಲಿ ಸರ್ಕಾರವು ಕಠಿಣ ಷರತ್ತುಗಳಿಗೆ ಒಪ್ಪಿತು. ಮತ ಅಥೆನ್ಸಿನಲ್ಲಿ ಬಿದ್ದರೂ ಹಣದ ಕೀಲಿ ಫ್ರಾಂಕ್‌ಫರ್ಟಿನಲ್ಲಿತ್ತು. ಆದರೆ ಯೂರೋವನ್ನು ತೊರೆಯುವ ದಾರಿ ಗ್ರೀಸಿಗೆ ಇದ್ದೇ ಇತ್ತು, ಅದರ ಬೆಲೆ ತೆರಲು ಅದು ಮುಂದಾಗಲಿಲ್ಲ ಎಂಬ ಪ್ರತಿವಾದವೂ ಇದೆ.

ಅರ್ಥಶಾಸ್ತ್ರಜ್ಞ ರಾಬರ್ಟ್ ಮುಂಡೆಲ್ 1961ರಲ್ಲಿ ಒಂದೇ ಹಣಕ್ಕೆ ತಕ್ಕ ಪ್ರದೇಶದ ಸಿದ್ಧಾಂತವನ್ನು ಮಂಡಿಸಿದರು. ಕಾರ್ಮಿಕರು ಸುಲಭವಾಗಿ ವಲಸೆ ಹೋಗಬಲ್ಲ ಕಡೆ ಒಂದೇ ಹಣ ಬಾಳುತ್ತದೆ ಎಂಬುದು ಅದರ ಸಾರ. ತೆರಿಗೆಯ ಹಂಚಿಕೆಯೂ ಅಗತ್ಯವೆಂದು ನಂತರದವರು ಸೇರಿಸಿದರು. ಭಾರತದಲ್ಲಿ ಸಂವಿಧಾನದ 280ನೇ ವಿಧಿಯಂತೆ ಹಣಕಾಸು ಆಯೋಗ ಈ ಹಂಚಿಕೆಯನ್ನು ಶಿಫಾರಸು ಮಾಡುತ್ತದೆ. ಹಾಗಿದ್ದೂ, 15ನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ. 4.713ರಿಂದ 3.647ಕ್ಕೆ ಇಳಿದದ್ದು ಇಂದಿಗೂ ರಾಜಕೀಯ ವಿವಾದವಾಗಿದೆ. ಒಂದೇ ದೇಶದೊಳಗಿನ ಸ್ಥಿತಿಯೇ ಹೀಗಿರುವಾಗ, ಜಗತ್ತಿನ ಮಟ್ಟದಲ್ಲಿ ಅಂತಹ ಹಂಚಿಕೆಗೆ ಒಪ್ಪಿಗೆ ಪಡೆಯುವುದು ಸುಲಭವಲ್ಲ.

ಮಧ್ಯಮ ಮಾರ್ಗಗಳು

ಜಾನ್ ಮೇನಾರ್ಡ್ ಕೇನ್ಸ್ 1940ರ ದಶಕದಲ್ಲಿ ಸೂಚಿಸಿದ 'ಬ್ಯಾಂಕರ್' ರಾಷ್ಟ್ರೀಯ ಹಣಗಳನ್ನು ಅಳಿಸುತ್ತಿರಲಿಲ್ಲ. ಕೇಂದ್ರೀಯ ಬ್ಯಾಂಕುಗಳ ನಡುವಿನ ಲೆಕ್ಕಕ್ಕಷ್ಟೇ ಅದರ ಬಳಕೆ. ಕೊರತೆಯ ದೇಶಗಳಂತೆಯೇ ಮಿಗತೆಯ ದೇಶಗಳ ಮೇಲೂ ಶುಲ್ಕ ವಿಧಿಸುವ ಈ ಯೋಜನೆಯನ್ನು ಅಂದಿನ ದೊಡ್ಡ ಸಾಲಿಗ ರಾಷ್ಟ್ರವಾದ ಅಮೆರಿಕ ಒಪ್ಪಲಿಲ್ಲ. 1944ರ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿ ಡಾಲರೇ ವ್ಯವಸ್ಥೆಯ ಕೇಂದ್ರವಾಯಿತು.

ಅಂತರರಾಷ್ಟ್ರೀಯ ಹಣಕಾಸು ನಿಧಿಯು 1969ರಲ್ಲಿ ಸೃಷ್ಟಿಸಿದ ಎಸ್‌ಡಿಆರ್ ಇಂದು ಡಾಲರ್, ಯೂರೋ, ಯುವಾನ್, ಯೆನ್ ಮತ್ತು ಪೌಂಡುಗಳ ಬೆಲೆಯನ್ನು ಆಧರಿಸಿದೆ. ಇದನ್ನು ಸದಸ್ಯ ರಾಷ್ಟ್ರಗಳೂ ಕೆಲವು ಅಧಿಕೃತ ಸಂಸ್ಥೆಗಳೂ ಮಾತ್ರ ಹೊಂದಬಹುದು. ಹೊಸ ಎಸ್‌ಡಿಆರ್ ಹಂಚಿಕೆಗೆ ಶೇ. 85ರಷ್ಟು ಮತಗಳು ಬೇಕು. ಶೇ. 16ಕ್ಕೂ ಹೆಚ್ಚು ಮತ ಹೊಂದಿರುವ ಅಮೆರಿಕವು ಒಂಟಿಯಾಗಿಯೇ ಅದನ್ನು ತಡೆಯಬಲ್ಲದು.