ಬಿಸಿಲು ತಡೆಯದ ಚರ್ಮ, ಕ್ಷಕಿರಣದ ಚರಿತ್ರೆ

ನಾನು ಕೆಲಸ ಮಾಡುವ ರೇಡಿಯೋಥೆರಪಿ ವಿಭಾಗದ ಕಸುಬು ಹುಟ್ಟಿದ್ದು ಚರ್ಮದ ಮೇಲೆಯೇ. ರಾಂಟ್‌ಜನ್ ಕ್ಷಕಿರಣ ಕಂಡುಹಿಡಿದ ಮರುವರ್ಷ, 1896ರಲ್ಲಿ, ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಿಂಡ್ ಪುಟ್ಟ ಹುಡುಗಿಯೊಬ್ಬಳ ಬೆನ್ನಿನ ಕೂದಲುಮಚ್ಚೆಗೆ ಕಿರಣ ಹಾಯಿಸಿದರು. ಕೂದಲು ಉದುರಿತು, ಆಮೇಲೆ ಅಲ್ಲಿಯೇ ಹುಣ್ಣಾಯಿತು. ಅದೇ ಊರಿನ ಮೋರಿಟ್ಜ್ ಕಾಪೋಸಿ 1870ರಲ್ಲೇ ಇನ್ನೊಂದು ಚರ್ಮವನ್ನು ವರ್ಣಿಸಿದ್ದರು. ಎಳವೆಯಲ್ಲೇ ಒಣಗಿ, ಚುಕ್ಕೆ ಬಿದ್ದು, ಕ್ಯಾನ್ಸರ್ ಗಡ್ಡೆಗಳೇಳುವ ಅದಕ್ಕೆ ಮುಂದೆ ಜೆರೋಡರ್ಮಾ ಪಿಗ್ಮೆಂಟೋಸಮ್ ಎಂಬ ಹೆಸರು ಬಂತು.

ತಂದೆ, ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರಷ್ಟೇ ಈ ಕಾಯಿಲೆ. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಕಡೆಯಲ್ಲಿ ಆ ಸಂಭವ ಹೆಚ್ಚು. ಅಂಥ ಮಗುವಿನ ತಾಯಿ ನನ್ನನ್ನು ಕೇಳಿದ್ದುಂಟು: "ಬಿಸ್ಲೇ ತಡ್ಯಾಕಾಗಲ್ಲ ಈ ಮಗೀಗೆ, ಕರೆಂಟ್ ತಡೀತದಾ ಸಾರ್?" ಕರೆಂಟ್ ಎಂದರೆ ಆಕೆಯ ಮಾತಿನಲ್ಲಿ ನಮ್ಮ ಕಿರಣ ಚಿಕಿತ್ಸೆ.

ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರದ ಮೊದಲ ಎಳೆ ಸಿಕ್ಕಿದ್ದು 1968ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಪತ್ರಿಕೆಯಲ್ಲಿ ಈ ಕಾಯಿಲೆಯ ಸುದ್ದಿ ಓದಿದ ಜೇಮ್ಸ್ ಕ್ಲೀವರ್, ರೋಗಿಗಳ ಜೀವಕೋಶ ತರಿಸಿ ನೋಡಿದರು. ಬಿಸಿಲಿನ ಅತಿನೇರಳೆ ಕಿರಣ ಡಿಎನ್‌ಎಯ ಅಕ್ಕಪಕ್ಕದ ಅಕ್ಷರಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಆ ಅಂಟನ್ನು ಕತ್ತರಿಸಿ ಸರಿಪಡಿಸುವ ಶಕ್ತಿ ಈ ಜೀವಕೋಶಗಳಿಗಿಲ್ಲ. ಕ್ಷಕಿರಣ ಮಾಡುವ ಗಾಯ ಬೇರೆ: ಅದು ಎಳೆಯನ್ನೇ ಮುರಿಯುತ್ತದೆ, ಆ ಮುರುಕನ್ನು ಬೆಸೆಯುವ ದಾರಿ ಹೆಚ್ಚಿನ ರೋಗಿಗಳಲ್ಲಿ ನೆಟ್ಟಗಿದೆ. ಶಸ್ತ್ರಚಿಕಿತ್ಸೆಗೆ ನಿಲುಕದ ಗಡ್ಡೆಗೆ, ಎಚ್ಚರಿಕೆಯಿಂದ, ಕಿರಣ ಕೊಡಬಹುದು. ಬಿಸಿಲಿನ ಹೆಸರಲ್ಲಿ ಚಿಕಿತ್ಸೆ ನಿರಾಕರಿಸುವುದು ಆ ಮಗುವಿಗೆ ಮಾಡುವ ಅನ್ಯಾಯ.

ಕಿರಣಕ್ಕೆ ನಿಜವಾಗಿ ಹೆದರಬೇಕಾದವರು ಬೇರೆ. ಕಣ್ಣಿನ ಬಿಳಿಭಾಗದಲ್ಲಿ, ಕಿವಿಯ ಮೇಲೆ ಕೆಂಪು ರಕ್ತನಾಳದ ಎಳೆಗಳು ಮೂಡುವ ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾದ ಮಕ್ಕಳಿಗೆ ಮಾಮೂಲಿ ಡೋಸೇ ಅಪಾಯವೆಂದು 1967ರಲ್ಲೇ ವರದಿಯಾಯಿತು. 1960ರಲ್ಲಿ ರಾಬರ್ಟ್ ಗಾರ್ಲಿನ್ ಮತ್ತು ರಾಬರ್ಟ್ ಗೋಲ್ಟ್ಸ್ ವಿವರಿಸಿದ, ಗಾರ್ಲಿನ್ ಸಿಂಡ್ರೋಮ್ ಎನ್ನುವ ಕಾಯಿಲೆಯ ಕಥೆ ಇನ್ನೂ ಕರುಳು ಹಿಂಡುವಂಥದ್ದು. ಮೆದುಳಿನ ಗಡ್ಡೆಗೆ ತಲೆ, ಬೆನ್ನುಹುರಿಗೆ ಕಿರಣ ಕೊಟ್ಟು ಉಳಿಸಿಕೊಂಡ ಮಕ್ಕಳಿಗೆ ಕೆಲವೇ ವರ್ಷಗಳಲ್ಲಿ, ಕಿರಣ ಹಾಯ್ದ ಪಟ್ಟಿಯುದ್ದಕ್ಕೂ, ಚರ್ಮದ ಕ್ಯಾನ್ಸರ್ ಗಂಟುಗಳು ಎದ್ದವು. ನಾವು ಚರ್ಮದ ಮೇಲೆ ಗುರುತು ಹಾಕುವ ಗೆರೆಯೊಳಗೇ ಅವು ಎದ್ದಿರುತ್ತವೆಂದರೆ ನನಗೆ ಈಗಲೂ ಸಂಕಟವಾಗುತ್ತದೆ.

ಈ ಕಾಯಿಲೆಗೆ ಕಾರಣವಾದ ಪಿಟಿಸಿಎಚ್1 ಜೀನ್ 1996ರಲ್ಲಿ ಗೊತ್ತಾಯಿತು. ಈಗ ಎಳೆಮಗುವಿನ ತಲೆಯಲ್ಲಿ ಅಂಥ ಗಡ್ಡೆ ಕಂಡರೆ ಕಾಯಿಲೆಯ ಗುರುತಿಗಾಗಿ ಅಪ್ಪ-ಅಮ್ಮನ ಚರ್ಮ, ಅಂಗೈ, ದವಡೆಗಳನ್ನು ನೋಡುತ್ತಾರೆ, ಜೀನ್ ಪರೀಕ್ಷೆಗೆ ರಕ್ತ ಕಳಿಸುತ್ತಾರೆ. ಗಾರ್ಲಿನ್ ಎಂದು ಖಚಿತವಾದರೆ, ಸಾಧ್ಯವಿದ್ದಷ್ಟೂ ಮಗುವನ್ನು ನಮ್ಮ ಯಂತ್ರದ ಕಡೆ ಕಳಿಸದೆ ಶಸ್ತ್ರಚಿಕಿತ್ಸೆ, ಕೀಮೋದಿಂದಲೇ ಗುಣಪಡಿಸಲು ನೋಡುತ್ತಾರೆ.